ಮುಲಾಮು ಕೊಡೆಯಲ್ಲ

ಉರಿಮಾಸದ ಇಪ್ಪತ್ತೆರಡು, ಚಪ್ಪರಹೊತ್ತು ಗೆದ್ದ ಮೂವತ್ತೊಂದನೇ ವರ್ಷ
ಕನ್ನಡಿಬಯಲು, ಕೃಷ್ಣೆ-ಭೀಮೆಯರ ನಡುವಿನ ಒಣನೆಲ

ನೂರಿಪ್ಪತ್ತು ವರ್ಷ ಹಿಂದೆ ಬದುಕಿರುವ ಹಿರಿಯರೇ,

ಮೇಲಿನ ತಾರೀಕನ್ನು ನಿಮ್ಮ ಪಂಚಾಂಗದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಚೈತ್ರಕ್ಕೂ ವೈಶಾಖಕ್ಕೂ ನಡುವೆ ನಮಗೆ ಇನ್ನೊಂದು ತಿಂಗಳು ಹುಟ್ಟಿಕೊಂಡಿದೆ, ಅದೇ ಉರಿಮಾಸ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದ ಬಂದರೆ ಮನ್ನಿಸಿ. ಸಿಟ್ಟು ಬಂದರೆ ಮನ್ನಿಸಬೇಕಿಲ್ಲ, ಅದನ್ನು ಬೇಕೆಂದೇ ಬರೆದಿದ್ದೇನೆ. ಈಗ ನನ್ನ ನೆರಳು ನನ್ನ ಅರ್ಧದಷ್ಟಿದೆ. ಅದು ಕಾಲಡಿಗೆ ಬಂದಾಗ ನನ್ನನ್ನು ವಿಚಾರಣೆಗೆ ಕರೆಯುತ್ತಾರೆ. ಅಷ್ಟರೊಳಗೆ ಈ ಕಾಗದ ಮುಗಿಸಬೇಕು.

ನನ್ನ ಹೆಸರು ಸಾಬವ್ವ. ಕಣ್ಣು ಹರಿದಷ್ಟು ದೂರ ಹಾಸಿರುವ ಸೋಲಾರ್ ಫಲಕಗಳಿಗೆ ನಾವು ಕನ್ನಡಿ ಅನ್ನುತ್ತೇವೆ. ಅವುಗಳ ಮೇಲಿನ ಧೂಳು ಒರೆಸುವುದು ನಮ್ಮ ಕೆಲಸ, ಮುನ್ನೂರು ಹೆಂಗಸರಿದ್ದೇವೆ. ಇದಕ್ಕೆ ಯಂತ್ರ ಇಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಬಿಸಿಲಿಗೆ ಕೆಟ್ಟವು. ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬೇಕು, ಹೆಂಗಸು ಕೆಟ್ಟರೆ ಇನ್ನೊಬ್ಬಳನ್ನು ಕರೆದರಾಯಿತು. ಕಂಪನಿಯ ಬುದ್ಧಿ ಅಷ್ಟೇ.

ನಮ್ಮ ದಿನ ಕೋಳಿ ಕೂಗುವ ಮೊದಲೇ ಶುರುವಾಗುತ್ತದೆ. ಕಣ್ಣೊಂದು ಬಿಟ್ಟು ಮೈಯೆಲ್ಲ ಹಳೇ ಸೀರೆಯ ಪಟ್ಟಿ ಸುತ್ತಿಕೊಳ್ಳುತ್ತೇವೆ, ಅದಕ್ಕೆ ಮೈಸುತ್ತು ಎಂದು ಹೆಸರು. ನಿಮ್ಮ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಮೈಬಣ್ಣ ನೋಡುತ್ತಿದ್ದರಂತೆ. ಈಗ ಅಂಗೈ ಅಂಗಾಲು ತಿರುವಿಸಿ ಕ್ಯಾನ್ಸರಿನ ಹೊಸ ಮಚ್ಚೆ ಎದ್ದಿದೆಯೇ ಎಂದು ಹುಡುಕುತ್ತಾರೆ. ನೆರಳು ಕಾಲಡಿಗೆ ಸೇರಿದ ಮೇಲಿನ ಮೂರು ತಾಸು ಯಾರೂ ಬಯಲಿಗೆ ಕಾಲಿಡುವಂತಿಲ್ಲ, ಎಲ್ಲರೂ ಚಪ್ಪರದಡಿಗೆ ಬರಬೇಕು. ಇದೇ ಚಪ್ಪರಹೊತ್ತು. ಇದನ್ನು ಯಾರೂ ದಾನ ಕೊಟ್ಟಿಲ್ಲ. ನಮ್ಮವ್ವ ಮತ್ತು ಅವಳ ಜೊತೆಯವರು ತಮ್ಮ ಕೌದಿಗಳನ್ನೆಲ್ಲ ತಂದು ಕನ್ನಡಿಗಳಿಗೆ ಹೊದಿಸಿ, ಒಂಬತ್ತು ದಿನ ಅವುಗಳ ಮೇಲೆ ಕೂತರು. ಕರೆಂಟು ಹೋಗಿ ಪಟ್ಟಣದ ತಂಪು ಕೋಣೆಗಳು ನಿಂತವು. ಹತ್ತನೇ ದಿನ ಕಾನೂನು ಬಂತು.

ಆ ಚಪ್ಪರಹೊತ್ತು ಇವತ್ತು ಹೋಗುವುದರಲ್ಲಿದೆ, ಅದೂ ನನ್ನ ಕೈಬರಹದಿಂದ.

ನಾನು ಮುಲಾಮು ಕಾಯಿಸುವವಳು. ಎಳ್ಳೆಣ್ಣೆ, ಔಡಲೆಣ್ಣೆಗೆ ಜೇನುಮೇಣ ಕರಗಿಸಿ, ತಣಿಯುವ ಹೊತ್ತಿಗೆ ಲೋಳಸರದ ತಿರುಳು ಕಡೆದು ಹಾಕುತ್ತೇನೆ. ನನ್ನ ಆಯಿ, ಅಂದರೆ ಅವ್ವನ ಅವ್ವ, ಕಲಿಸಿದ್ದು. ಕನ್ನಡಿ ತೊಳೆಯುವ ಕ್ಷಾರದ ನೀರಿಗೆ ಒಡೆದು ರಕ್ತ ಒಸರುವ ಬೆರಳುಗಳು ಇದನ್ನು ಹಚ್ಚಿದ ನಾಲ್ಕೇ ದಿನಕ್ಕೆ ಕೂಡುತ್ತವೆ. ಬಿರಿದ ಹಿಮ್ಮಡಿ ಮೆತ್ತಗಾಗುತ್ತದೆ. ಇದರಲ್ಲಿ ಸುಳ್ಳಿಲ್ಲ.

ಸುಳ್ಳು ಬಂದದ್ದು ನನ್ನಿಂದ. ಕಂಪನಿ ತನ್ನ ಸಾಹೇಬರಿಗೆ ಬಿಸಿಲು ತಡೆಯುವ ಬಿಳಿ ಕ್ರೀಮು ಕೊಡುತ್ತಿತ್ತು. ನಾವು ಕೇಳಿದಾಗ, "ನಿಮ್ಮದು ಕರೀ ತೊಗಲು, ಬಿಸಿಲು ನಾಟಂಗಿಲ್ಲ. ದೇವರೇ ಕ್ರೀಮು ಹಚ್ಚಿ ಕಳಿಸ್ಯಾನ" ಎಂದು ನಕ್ಕರು. ಆ ನಗೆ ನನ್ನ ಎದೆಗೆ ಚುಚ್ಚಿತು. ಹಕ್ಕು ಕೇಳುವುದು ಬಿಟ್ಟು ಹಠ ಹಿಡಿದೆ. ಚಪ್ಪರದ ಗೋಡೆ ಮೇಲೆ ಕೆಮ್ಮಣ್ಣಿನಲ್ಲಿ ಆಳೆತ್ತರ ಬರೆದೆ: ನಮ್ಮ ಮುಲಾಮೇ ನಮ್ಮ ಕೊಡೆ. ತಮಟೆ ಬಡಿದು ಕೂಗಿದೆವು. ಘೋಷಣೆ ಕೂಗುವಾಗ ಅದು ನಿಜವೋ ಅಲ್ಲವೋ ಎಂದು ಯಾರು ನೋಡುತ್ತಾರೆ?

ನನ್ನ ತಂಗಿ ಕರೆವ್ವ ನಂಬಿದಳು. ಬಾಯಿ ಮುಚ್ಚುವ ಪಟ್ಟಿ ಬಿಚ್ಚಿಟ್ಟಳು. ಉಳಿದ ಸಾಲು ಮುಗಿಸುತ್ತೇನೆಂದು ಚಪ್ಪರಹೊತ್ತಿನಲ್ಲೂ ಬಯಲಿಗೆ ಇಳಿದಳು. ತಡೆದವರಿಗೆ, "ಯಕ್ಕನ ಕೊಡಿ ಹಚ್ಚೀನಿ, ನಂಗೇನಾಗ್ತದ?" ಅಂದಳು. ಕೆಳತುಟಿಯ ಮೇಲೆ ಎದ್ದ ಹುಣ್ಣು ಏಳು ತಿಂಗಳು ಮಾಯಲಿಲ್ಲ. ನಾನೇ ದಿನಾ ಅದರ ಮೇಲೆ ಮುಲಾಮು ಹಚ್ಚಿದೆ. ಡಾಕ್ಟರಮ್ಮ ಕೊನೆಗೆ ಅದು ಕ್ಯಾನ್ಸರು ಎಂದು ತುಟಿಯ ಕಾಲುಭಾಗ ಕೊಯ್ದು ತೆಗೆದರು. "ಕಪ್ಪು ಮೈಗೆ ಬಿಸಿಲು ತಡವಾಗಿ ನಾಟಬಹುದು, ನಾಟೋದೇ ಇಲ್ಲ ಅಂತ ಹೇಳಿದವರು ಯಾರು?" ಎಂದು ಕೇಳಿದರು. ಒಂದು ಕಡೆ ಸಾಹೇಬರು ಹೇಳಿದ್ದರು, ಇನ್ನೊಂದು ಕಡೆ ನಾನು.

ಈಗ ಕಂಪನಿ ನಮ್ಮ ಗೋಡೆಯ ಚಿತ್ರ ತೆಗೆದು ಸರ್ಕಾರಕ್ಕೆ ಕೊಟ್ಟಿದೆ. ಮುಲಾಮೇ ಕೊಡೆ ಎಂದು ಕಾರ್ಮಿಕರೇ ಬರೆದಿರುವಾಗ ಮೂರು ತಾಸು ನೆರಳು ಯಾಕೆ ಎಂದು ಕೇಳಿದೆ. ಇವತ್ತಿನ ವಿಚಾರಣೆ ಅದಕ್ಕೇ. ಜೊತೆಗೆ ನಿಮ್ಮ ಕಾಲದ ಹಳೇ ಡಬ್ಬಿಗಳ ಚೀಟಿಗಳನ್ನೂ ಲಗತ್ತಿಸಿದೆ. ಅವುಗಳ ಮೇಲೆ ಅಂದವಾದ ಅಕ್ಷರಗಳಲ್ಲಿ ಬರೆದಿದೆ: ಅಜ್ಜಿಯ ಗುಟ್ಟು, ಅಪ್ಪಟ ನೈಸರ್ಗಿಕ, ಬಿಸಿಲಿಗೆ ಪೂರ್ಣ ರಕ್ಷಣೆ. ಯಾವ ಅಜ್ಜಿ ಹಾಗೆ ಹೇಳಿದ್ದಳು, ಹಿರಿಯರೇ?

ನನ್ನ ಆಯಿ ಹೇಳಿರಲಿಲ್ಲ. ನಾವು ತೊಗಲು ಹದ ಮಾಡುತ್ತಿದ್ದ ಜನ. ಊರು ನಮ್ಮ ಕೈ ಮುಟ್ಟದೆ ನಮ್ಮ ಚಪ್ಪಲಿ ಮೆಟ್ಟಿತು. ಆಯಿ ಮುಲಾಮು ಕಡೆಯುವಾಗ ತನ್ನ ಹಿರೀಕರ ಮಾತೊಂದನ್ನು ಆಡುತ್ತಿದ್ದಳು: "ತೊಗಲಿಗೆ ಎಣ್ಣಿ ಕುಡಸು, ನೆಳ್ಳಾಗ ಒಣಗಸು." ಎಣ್ಣೆ ಎಷ್ಟೇ ಕುಡಿದಿರಲಿ, ಉರಿಬಿಸಿಲಿಗೆ ಹಾಕಿದ ತೊಗಲು ಸೆಟೆದು ಬಿರಿಯುತ್ತದೆ ಎಂಬುದು ಅವರು ಕೈಯಾರೆ ಕಂಡ ಸತ್ಯ. ನಾನು ಎಣ್ಣೆಯ ಅರ್ಧ ಮಾತು ಇಟ್ಟುಕೊಂಡೆ, ನೆರಳಿನ ಅರ್ಧ ಬಿಟ್ಟೆ. ಆ ಬಿಟ್ಟ ಅರ್ಧದಲ್ಲಿ ನನ್ನ ತಂಗಿಯ ತುಟಿ ಹೋಯಿತು.

ಈ ತಿಂಗಳ ಮೊದಲ ದಿನದಿಂದ ನನ್ನ ಎರಡೂ ಕೈಗೆ ಒಂದೇ ಮುಲಾಮು ಹಚ್ಚಿದೆ. ಬಲಗೈಗೆ ಮೈಸುತ್ತು ಸುತ್ತಿದೆ, ಎಡಗೈ ಬಿಸಿಲಿಗೆ ಬಿಟ್ಟೆ. ಇಪ್ಪತ್ತೊಂದು ದಿನ. ಬಲಗೈ ಬೆಣ್ಣೆಯಂತಿದೆ. ಎಡಗೈ ಬೊಬ್ಬೆ ಎದ್ದು, ಒಡೆದು, ಸಿಪ್ಪೆ ಸುಲಿದಿದೆ. ಇದೇ ಕೈಯಲ್ಲಿ ಕಾಗದದ ಅಂಚು ಹಿಡಿದುಕೊಂಡು ಬರೆಯುತ್ತಿದ್ದೇನೆ.

ನಿನ್ನೆ ನಮ್ಮ ಕಾರ್ಮಿಕ ಸಂಘದ ಹಿರಿಯ ಲಾಲಸಾಬಣ್ಣ ನನ್ನ ಮೇಲೆ ಹರಿಹಾಯ್ದ. "ನಮ್ಮ ಘೋಷಣೆ ಸುಳ್ಳಂತ ನೀನೇ ಅವರ ಮುಂದ ಒಪ್ಕೊಂತಿಯೇನವ್ವ? ಕಬ್ಬು ಜಗದಂಗ ಜಗದು ಉಗುಳ್ತಾರ ನಮ್ಮನ್ನ. ಮೂವತ್ತು ವರ್ಷದ ಮಾನ ಐತಿ!" ಅಂದ. ಮಾನ ಉಳಿಸಲು ನೆರಳು ಬಿಟ್ಟುಕೊಡುವುದೇ ಎಂದು ನಾನು ಕೇಳಿದೆ. ಆಗ ಮೂಲೆಯಲ್ಲಿ ಕೂತಿದ್ದ ಕರೆವ್ವ, ಗಂಜಿ ಸೋರುವ ತನ್ನ ಕೊಯ್ದ ತುಟಿಯನ್ನು ಸೆರಗಿನಿಂದ ಒತ್ತಿ ಹಿಡಿದು ಅಂದಳು: "ಅಣ್ಣಾ, ಮುಲಾಮು ಸುಳ್ಳಲ್ಲ. ಯಕ್ಕ ಗ್ವಾಡಿ ಮ್ಯಾಲ ಬರದಿದ್ದು ಸುಳ್ಳು. ಬರದಾಕಿನೇ ಅಳಸಲಿ." ಇವತ್ತು ಬೆಳಿಗ್ಗೆ ನಾನು ಗೋಡೆ ತೊಳೆಯಲು ಹೋದರೆ ನೀರಿನ ಕೊಡ ತುಂಬಿಟ್ಟು ಲಾಲಸಾಬಣ್ಣನೇ ಕಾಯುತ್ತಿದ್ದ. "ಕೆಮ್ಮಣ್ಣು ಗಟ್ಟಿ ಹತ್ತೈತಿ, ತಿಕ್ಕಿ ತೊಳಿಬೇಕವ್ವ," ಅಂದ.

ನೆರಳು ಮೊಣಕಾಲಿಗೆ ಬಂತು. ನಿಮ್ಮಿಂದ ನಾನು ಬೇಡುವುದು ಇಷ್ಟೇ. ನೀವು ಎಣ್ಣೆ ಹಚ್ಚಿಕೊಳ್ಳಿ, ಲೋಳಸರ ಸವರಿಕೊಳ್ಳಿ, ಮಕ್ಕಳ ಮೈಗೂ ತಿಕ್ಕಿ. ಒಡಕು ಕೂಡಿಸಲು ಅದು ಸಾಕು. ಆದರೆ ಅದನ್ನು ಬಿಸಿಲಿಗೆ ಗುರಾಣಿ ಎಂದು ಡಬ್ಬಿಯ ಮೇಲೆ ಬರೆಯುವವನ ಕೈ ಹಿಡಿಯಿರಿ. ರಸ್ತೆ ಗುಡಿಸುವವಳಿಗೆ, ಡಾಂಬರು ಹಾಕುವವನಿಗೆ "ನಿಮಗೆ ರೂಢಿ ಆಗಿದೆ ಬಿಡಿ" ಅನ್ನುವ ನಾಲಿಗೆಯನ್ನು ಅಲ್ಲೇ ನಿಲ್ಲಿಸಿ. ಅವರಿಗೆ ಬಟ್ಟೆ ಕೊಡಿ, ಕ್ರೀಮು ಕೊಡಿ, ಎಲ್ಲಕ್ಕೂ ಮೊದಲು ನೆರಳು ಕೊಡಿ. ಕೊಡದಿದ್ದರೆ ಅವರು ಕಿತ್ತುಕೊಳ್ಳುವಾಗ ಅಡ್ಡ ನಿಲ್ಲಬೇಡಿ. ನಿಮ್ಮ ಅಜ್ಜಿಯರ ಮಾತನ್ನು ಬರೆದಿಡುವುದಾದರೆ ಪೂರ್ತಿ ಬರೆದಿಡಿ. ಅರ್ಧ ಬರೆದರೆ ಇನ್ನರ್ಧವನ್ನು ಕಂಪನಿ ಬರೆದುಕೊಳ್ಳುತ್ತದೆ.

ಕರೆ ಬಂತು. ಸರ್ಕಾರದಿಂದ ಬಂದ ಸಾಹೇಬರು ಮೂವರಿದ್ದಾರೆ. ನೆರಳೇ ಬೇಡ ಎನ್ನುವ ವಿಚಾರಣೆಗೆ ಅವರ ಕುರ್ಚಿಗಳು ನಮ್ಮ ಚಪ್ಪರದಡಿಯೇ, ನಡು ತಂಪಿನಲ್ಲಿ ಬಿದ್ದಿವೆ. ನಾನು ಮೂರು ಡಬ್ಬಿ ಮುಲಾಮು ಒಯ್ಯುತ್ತಿದ್ದೇನೆ. ನಿನ್ನೆಯಷ್ಟೇ ಕಾಯಿಸಿದ್ದು, ಎಳ್ಳಿನ ವಾಸನೆ ಇನ್ನೂ ಆರಿಲ್ಲ. ಮೊದಲು ನನ್ನ ಎರಡೂ ಕೈ ಅವರ ಮುಂದೆ ಚಾಚುತ್ತೇನೆ, ಆಮೇಲೆ ಡಬ್ಬಿ ಇಡುತ್ತೇನೆ. ಸಾಹೇಬರೇ, ಮುಖಕ್ಕೆ ಕೈಗೆ ಚೆನ್ನಾಗಿ ಹಚ್ಚಿಕೊಳ್ಳಿ, ಕುರ್ಚಿ ಹತ್ತು ಹೆಜ್ಜೆ ಆಚೆ ಬಯಲಿಗೆ ಹಾಕಿಸಿಕೊಳ್ಳಿ, ಮೂರು ತಾಸು ಕೂತೇಳಿ, ಆಮೇಲೆ ನೆರಳು ಬೇಡವೆಂದು ನೀವು ಹೇಳಿದಲ್ಲಿ ಸಹಿ ಹಾಕುತ್ತೇನೆ ಎನ್ನುತ್ತೇನೆ.

ಮುನ್ನೂರು ಹೆಂಗಸರು ಹೆಗಲ ಮೇಲೆ ಕೌದಿ ಹೊತ್ತು ನಿಂತಿದ್ದಾರೆ. ನೆರಳು ಕಾಲಡಿಗೆ ಬಂತು. ಹೋಗುತ್ತೇನೆ.

ನಿಮ್ಮ ಮುಂದಿನವಳು,
ಸಾಬವ್ವ