ಮೂರು ಸಲ ಹೇಳಬೇಕಾದ ಹೆಸರು

ಮಧುಗಿರಿ
ಸೋಮವಾರ, 17-11-2025

ಪ್ರೀತಿಯ ತಮ್ಮ ಭೀಮರಾಜು,

ಜೈಭೀಮ್. ಹೇಗಿದ್ದೀಯ? ವಳ್ಳೂರಿನ ಸೋಲಾರ್ ಪ್ಲೇಟು ತೊಳೆದು ತೊಳೆದು ಬೆನ್ನು ನೋವು ಅಂದಿದ್ದೆಯಲ್ಲ, ಮಾತ್ರೆ ತಗೊಂಡೆಯಾ, ಇಲ್ಲ ಅದಕ್ಕೂ ಮೊಂಡುತನವೇ? ನಿನ್ನ ಫೋನು ನಾಲ್ಕು ದಿನದಿಂದ ಸ್ವಿಚ್ ಆಫ್. ಅದಕ್ಕೇ ನಾಳೆ ಪಾವಗಡದ ಕಡೆ ಹೊರಟಿರುವ ಪಕ್ಕದ ಮನೆ ಮುದ್ದಕ್ಕನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ.

ನಾನು ಶಾಲೆಯ ಅಡುಗೆ ಕೆಲಸ ಬಿಟ್ಟು ಪತ್ರ ಬರಹಗಾರ ರೇಣುಕಯ್ಯನವರ ಆಫೀಸು ಸೇರಿದ್ದೇನೆ. ಟೈಪಿಂಗ್ ಬಾರದಿದ್ದರೂ ನಡೆಯುತ್ತದೆ, ಮೈಕಿನಲ್ಲಿ ಹೇಳಿದರೆ ಕಂಪ್ಯೂಟರೇ ಕ್ರಯಪತ್ರ ಬರೆದುಕೊಳ್ಳುತ್ತದೆ. ಆದರೆ ನಮ್ಮ ಸೀಮೆಯ ಹೆಸರುಗಳು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಸೋಮವಾರ, ಆ ವಾರ ರಿಜಿಸ್ಟರ್ ಆಗುವವರ ಪಟ್ಟಿ ಹಿಡಿದು ಒಂದೊಂದು ಹೆಸರನ್ನೂ ಮೂರು ಸಲ ಹೇಳಿಕೊಡಬೇಕು, ಒಂದೊಂದಕ್ಕೂ ಚಿಕ್ಕದೊಂದು ಗುರುತು ಇಡಬೇಕು. ಆಮೇಲೆ ‘ಚಿ.ನ.’ ಅಂದರೆ ಸಾಕು, ‘ಲೇಟ್ ಪಾಲಪ್ಪನವರ ಮಗ ಚಿಕ್ಕನರಸಯ್ಯ’ ಅಂತ ಪೂರ್ತಿ ಬಂದು ಕೂರುತ್ತದೆ. ಮಗುವಿಗೆ ಮಾತು ಕಲಿಸಿದ ಹಾಗೆ ಅಂತ ಮೊದಮೊದಲು ಒಬ್ಬಳೇ ನಗುತ್ತಿದ್ದೆ.

ಇವತ್ತಿನ ಪಟ್ಟಿಯಲ್ಲಿ ನಮ್ಮ ಪುರವರದ ಜಮೀನು ಇತ್ತು. ಅದನ್ನು ಮಾರಲು ವಿವರ ಬರೆಸಿ ಕೊಟ್ಟವನು ದೊಡ್ಡಪ್ಪನ ಮಗ ರಂಗೇಶ್. ನಾನು ಇಲ್ಲಿರುವುದು ಅವನಿಗೆ ಗೊತ್ತಿಲ್ಲ, ನಾನು ನಿನ್ನ ಅಕ್ಕ ಅನ್ನುವುದು ರೇಣುಕಯ್ಯನವರಿಗೂ ಗೊತ್ತಿಲ್ಲ. ಜಮೀನಿನ ಹಕ್ಕು ಬಿಟ್ಟುಕೊಟ್ಟೆ ಅಂತ ನನ್ನ ರುಜು ಅವನು ಹೋದ ವರ್ಷವೇ ಹಾಕಿಸಿಕೊಂಡ. ‘ಆಗಲ್ಲ ಹೋಗ್ಲಾ’ ಅಂದವನು ನೀನೊಬ್ಬನೇ. ಪಟ್ಟಿಯಲ್ಲಿ ನಿನ್ನ ಹೆಸರಿಗೆ ಮೊದಲು, ಸತ್ತವರಿಗೆ ಹಾಕುವ ಆ ‘ಲೇಟ್’ ಇದೆ ಕಣೋ. ಬದುಕಿರುವ ತಮ್ಮನನ್ನು ಈ ಬಾಯಲ್ಲೇ ಎರಡು ಸಲ ಹಾಗೆ ಹೇಳಿದೆ, ಮೂರನೆಯದಕ್ಕೆ ಮೈಕು ಆರಿಸಿಬಿಟ್ಟೆ. ನನಗೆ ಭಯವೂ ಆಗಿದೆ, ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂದಿದೆ. ಎಲ್ಲೋ ಸುಳ್ಳು ಮರಣಪತ್ರ ಮಾಡಿಸಿರಬೇಕು. ಶುಕ್ರವಾರ ಆ ಪತ್ರದ ರಿಜಿಸ್ಟರ್ ಇದೆ, ನೀನು ಆಧಾರ್ ಕಾರ್ಡು ಹಿಡಿದು ಅವತ್ತು ರಿಜಿಸ್ಟರ್ ಆಫೀಸಿನ ಬಾಗಿಲಲ್ಲಿ ನಿಂತುಬಿಟ್ಟರೆ ಸಾಕು, ಅವನ ಆಟ ಮುಗಿಯುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ಅವ್ವನ ಆಶೀರ್ವಾದ ನಿನ್ನ ಮೇಲಿರಲಿ.

ನಿನ್ನ ಅಕ್ಕ,
ಗಂಗಾಂಬಿಕಾ

ತಾ.ಕ.: ಮಡಚಿಟ್ಟ ಕಾಗದ ಮತ್ತೆ ಬಿಚ್ಚಿದ್ದೇನೆ. ಸತ್ತ ತಾರೀಕು ಪಟ್ಟಿಯಲ್ಲಿ ಇಲ್ಲವಲ್ಲ ಅಂತ ಈಗ ರೇಣುಕಯ್ಯನವರನ್ನು ಕೇಳಿದೆ. ಅವರು ಎಲೆಅಡಿಕೆ ಅಗಿಯುತ್ತಲೇ, “ಆ ಜಾಗ ಖಾಲಿ ಬುಡು ಕಣಮ್ಮ. ರಂಗೇಶ ಬುಧವಾರ ವಳ್ಳೂರಿಗೆ ಹೋಗ್ತಾನಂತೆ, ಬಂದು ಗುರುವಾರ ತಾರೀಕು ಹೇಳ್ತೀನಿ ಅಂದವ್ನೆ” ಅಂದರು. ಭೀಮ, ಅವನ ಗಾಡಿ ಹತ್ತಬೇಡ. ಮುದ್ದಕ್ಕನ ಜೊತೆಯಲ್ಲೇ ಹೊರಟು ಬಾ.