ನಿಂಬೆಹಣ್ಣು ಹಚ್ಚಿ ತೊಳೆದ ಕೈ

ಅವ್ವಾ,

ಇವತ್ತು ನಿಪ್ಪಾಣಿಯಲ್ಲಿ ನನ್ನ ಮದುವೆ ಆಯಿತು. ನೀನು ತೀರಿಕೊಂಡು ಎರಡು ವರ್ಷ. ಆದರೂ ನಡೆದದ್ದನ್ನು ನಿನಗೇ ಹೇಳಬೇಕು.

ಅಕ್ಷತೆ ಬಿದ್ದ ಮೇಲೂ ನಾನು ಸೆಟೆದೇ ನಿಂತಿದ್ದೆ. ನಾದಿನಿ ಶೈಲಾ ಕಿವಿಯ ಹತ್ತಿರ ಬಗ್ಗಿ, "ವೈನಿ, ಪರೀಕ್ಷಾಕ ಬಂದಾಂಗ ನಿಂತೀರಲ್ರಿ! ಆರಾಮ ಇರ್ರಿ, ಜರಾ ಉಸರ ತಗೋರಿ," ಎಂದು ನಕ್ಕಳು. ಹಾಗೇ ಮಾಡಿದೆ. ಮನಸ್ಸು ನಿಜವಾಗಿಯೂ ಹಗುರವಾಯಿತು.

ಅಷ್ಟರಲ್ಲಿ, ನಿನ್ನ ಜೊತೆ ಬೀಡಿ ಕಟ್ಟುತ್ತಿದ್ದ ತಾರವ್ವ ಮೌಶಿ ವೇದಿಕೆ ಹತ್ತಿ ಬಂದಳು. ದೃಷ್ಟಿ ತೆಗೆದು ಲಟಿಕೆ ಮುರಿಯಲು ಎರಡೂ ಕೈಗಳನ್ನು ನನ್ನ ಕೆನ್ನೆಯ ಹತ್ತಿರ ತಂದಳು. ತಂಬಾಕಿನ ವಾಸನೆ ಬಂತು. ಗಂಡಿನ ಕಡೆಯವರು ನೋಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಮುಖ ತಿರುಗಿಸಿದೆ.

ಮೌಶಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನಿಂಬಿಹಣ್ಣ ಹಚ್ಚಿ ತೊಳ್ಕೊಂಡ ಬಂದೀನಿ ಬೇ, ನಿಮ್ಮವ್ವ ಹೇಳಿದಾಂಗ," ಎಂದಳು. ಊಟಕ್ಕೂ ನಿಲ್ಲಲಿಲ್ಲ.

ನನ್ನ ಶಾಲೆಗೆ ಬರುವ ದಿನ ನೀನು ಹಾಗೆ ಕೈ ತೊಳೆದುಕೊಳ್ಳುತ್ತಿದ್ದೆ. ತೊಳೆದುಕೊಂಡು ಬಾ ಎಂದು ಹೇಳಿದವಳು ನಾನೇ. ಅದನ್ನು ನೀನು ಮೌಶಿಗೂ ಹೇಳಿದ್ದೆ ಎಂದು ನನಗೆ ಗೊತ್ತಿರಲಿಲ್ಲ.