ತೆರೆದೇ ಇದ್ದ ಅಂಗಡಿ

ಮಾರ್ಚ್ ೧೧, ಮಂಗಳವಾರ

ಎದುರು ಸಾಲಿನ ಗಡಿಯಾರ ರಿಪೇರಿ ತಾತ ಇವತ್ತು ನನ್ನ ಅಂಗಡಿಗೇ ಬಂದರು. "ದಿನಾ ಬಾಗಿಲು ತೆಗೀತೀನಿ ಕಣಮ್ಮ. ಆದ್ರೂ ಅಂಗಡಿ ಮುಚ್ಚಿದೆ ಅಂತ ಫೋನು ತೋರಿಸ್ತಿದೆಯಂತೆ. ನೀನೂ ಗಡಿಯಾರದ ಕಸುಬಿನವಳೇ, ನಿನ್ನದು ಹೇಗೆ ತೋರಿಸುತ್ತೋ ಸ್ವಲ್ಪ ನೋಡು."

ಹುಡುಕುವವರಿಗೆ ನನ್ನ ಅಂಗಡಿಯೇ ಮೊದಲು ಕಾಣಲಿ ಎಂದು, ಅವರದು ಶಾಶ್ವತವಾಗಿ ಮುಚ್ಚಿದೆ ಎಂದು ಫೋನಿನ ಮ್ಯಾಪಿಗೆ ತಿಳಿಸಿದವಳು ನಾನೇ. ನನ್ನ ಫೋನು ಸಾಲದೆಂದು ಅಕ್ಕನದರಿಂದಲೂ.

"ಏನೋ ತಪ್ಪಾಗಿದೆ ತಾತ" ಎಂದು ಸರಿಮಾಡಿಕೊಟ್ಟೆ. ಏನೋ ತಪ್ಪಾಗಿದೆಯಂತೆ! ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಅದೇ ಮ್ಯಾಪಿನಲ್ಲಿ ನನ್ನ ಅಂಗಡಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಅವರು ಪಟ್ಟು ಹಿಡಿದರು. ಅವರಿಗೆ ಟೈಪು ಬಾರದು. ಅವರ ಫೋನಿನಲ್ಲಿ, ಅವರು ಹೇಳಿದಂತೆ, ನಾನೇ ಒತ್ತಿದೆ. ಐದು ನಕ್ಷತ್ರ. "ಬಹಳ ಪ್ರಾಮಾಣಿಕ ಹುಡುಗಿ."

ಅದನ್ನು ಅವರೊಬ್ಬರೇ ಅಳಿಸಬಲ್ಲರು. ಅಳಿಸಿ ಎನ್ನಬೇಕಾದರೆ ನಾನು ಮೊದಲು ಅವರಿಗೆ…